ಇಬ್ಬರಿಗಾಗುವಷ್ಟು

ಬೆಳಿಗ್ಗೆಯಿಂದ ಅವನು ಒಂದೇ ಹಲ್ಲನ್ನು ಹಿಡಿದುಕೊಂಡು ಕೂತಿದ್ದ. ಶಾಲೆಯ ಮೇಡಂ ಒಬ್ಬರ ಮುಂದಿನ ಹಲ್ಲು. ಮೆಟ್ಟಿಲಲ್ಲಿ ಜಾರಿ ಮುರಿದುಕೊಂಡಿದ್ದರಂತೆ. ದಂತವೈದ್ಯರು ಕಳಿಸಿದ ಅಚ್ಚು, ಪಕ್ಕದ ಹಲ್ಲಿನ ಫೋಟೋ, ಬಣ್ಣದ ಮಾದರಿ ಎಲ್ಲ ಮೇಜಿನ ಮೇಲಿದ್ದವು. ಬೇರೆ ದಿನವಾಗಿದ್ದರೆ ಅವನಿಗಿದು ನೀರು ಕುಡಿದಷ್ಟು ಸುಲಭ. ಇವತ್ತು ಮಾತ್ರ ಹಚ್ಚಿದ ಪದರವೆಲ್ಲ ಒಂದೋ ಸುಣ್ಣದ ಹಾಗೆ ಬೆಳ್ಳಗೆ, ಇಲ್ಲವೇ ಹಳೆಯ ಅಂಗಿಯ ಗುಂಡಿಯ ಹಾಗೆ ಹಳದಿಯಾಗಿ ಬರುತ್ತಿತ್ತು. ಹಲ್ಲನ್ನು ಚಿಮುಟದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದಾಗೆಲ್ಲ ಮನಸ್ಸು ಬೇರೆ ಏನನ್ನೋ ಸಾಲಿಗೆ ನಿಲ್ಲಿಸುತ್ತಿತ್ತು. ಮೊದಲನೆಯದು ಮೊದಲು. ಆಮೇಲೆ ಮೂರನೆಯದು. ಆಮೇಲೆ ಎರಡನೆಯದು, ನಾಲ್ಕನೆಯದು. ಐದನೆಯದರ ಹೊತ್ತಿಗೆ ಕೈ ನಿಂತುಬಿಡುತ್ತಿತ್ತು. ಲ್ಯಾಬಿನ ಯಜಮಾನ ಹಿಂದಿನಿಂದ ಬಂದು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದ. “ಏನಪ್ಪಾ, ರೇಡಿಯೋದಲ್ಲಿ ಮಾತಾಡೋರು ಹಲ್ಲು ಮಾಡಬಾರದು ಅಂತ ರೂಲ್ಸ್ ಇದೆಯಾ? ಆ ಮೇಡಂ ನಾಳೆ ಬಾಯಿ ಮುಚ್ಕೊಂಡೇ ಪಾಠ ಮಾಡಬೇಕಾ?” ಉಳಿದ ಮೇಜುಗಳಲ್ಲಿ ನಗು ಎದ್ದಿತು. ಅವನೂ ನಕ್ಕ, ಎಲ್ಲರ ನಗು ಮುಗಿದ ಮೇಲೆ ನಕ್ಕಿದ್ದರಿಂದ ಅದು ಒಂಟಿಯಾಗಿ ಕೇಳಿಸಿತು.

ರೇಡಿಯೋದವರು ಮೊದಲು ಕೇಳಿದ್ದು ಅವನನ್ನಲ್ಲ, ಅವನ ಅಣ್ಣನನ್ನು. ‘ಮೂರನೇ ಮಹಡಿ’ ಎಂಬ ಹಿಪ್ ಹಾಪ್ ತಂಡದ ಹಾಡುಗಳು, ಅವು ಹುಟ್ಟಿದಾಗ ಹುಟ್ಟೇ ಇರದ ಹುಡುಗ ಹುಡುಗಿಯರ ಫೋನುಗಳಲ್ಲಿ ಈ ವರ್ಷ ಇದ್ದಕ್ಕಿದ್ದಂತೆ ಮೊಳಗತೊಡಗಿದ್ದವು. ತಂಡದಲ್ಲಿ ಇದ್ದದ್ದು ಮೂವರು. ತಾಳ ಕಟ್ಟುತ್ತಿದ್ದವನು ಅಣ್ಣ. ಮಾತು ಕಟ್ಟಿ ಹೇಳುತ್ತಿದ್ದವರು ಇಬ್ಬರು: ಗಂಟಲು ಒಡೆದಂತೆ ಮಾತಾಡುತ್ತಿದ್ದುದಕ್ಕೆ ಗೊಗ್ಗ ಎಂದು ಹೆಸರು ಬಿದ್ದವನೊಬ್ಬ, ಬಾಗಿಲಿನಲ್ಲಿ ಬಗ್ಗಿಯೇ ಒಳಗೆ ಬರಬೇಕಾಗಿದ್ದುದಕ್ಕೆ ಉದ್ದ ಎನಿಸಿಕೊಂಡವನು ಇನ್ನೊಬ್ಬ. ಮೂರು ಆಲ್ಬಮ್ ಆದ ಮೇಲೆ ಅವರಿಬ್ಬರೂ ಅಣ್ಣನನ್ನು ಬಿಟ್ಟರು. ಆಮೇಲೆ ಇನ್ನೆರಡು ಮಾಡಿ ತಾವೂ ನಿಲ್ಲಿಸಿದರು. ಗೊಗ್ಗ ಈಗ ಎಲ್ಲೋ ಸಮುದ್ರದ ಹಡಗಿನಲ್ಲಿ ಅಡುಗೆಯವನು. ಉದ್ದ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಊರಿನಲ್ಲಿ ಉಳಿದವನು ಅಣ್ಣ ಒಬ್ಬನೇ, ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡು. ಐದು ಆಲ್ಬಮ್‌ಗಳನ್ನೂ ಒಳ್ಳೆಯದರಿಂದ ಕೆಟ್ಟದ್ದರವರೆಗೆ ಸಾಲಾಗಿ ಇಟ್ಟು ಮಾತಾಡಬೇಕು ಎಂದು ನಿರೂಪಕಿ ಕೇಳಿದಾಗ ಅಣ್ಣ ಹೇಳಿದನಂತೆ: “ನನ್ನ ಮಕ್ಕಳಲ್ಲಿ ಯಾರು ಚೆಂದ ಅಂತ ನನ್ನೇ ಕೇಳ್ತೀರಲ್ಲ. ನನ್ನ ತಮ್ಮನ್ನ ಕರೀರಿ. ಅವನ ಕಿವಿ ನನ್ನ ಕಿವಿಗಿಂತ ನೆಟ್ಟಗಿದೆ.” ನಿರೂಪಕಿ ಈ ಮಾತನ್ನು ಫೋನಿನಲ್ಲಿ ನಗುತ್ತ ಒಪ್ಪಿಸಿದಾಗಿನಿಂದ ಅದು ಅವನ ಹೊಟ್ಟೆಯೊಳಗೆ, ನುಂಗಿದ ಬೀಜದ ಹಾಗೆ, ಕೂತುಬಿಟ್ಟಿತ್ತು.

ಯಜಮಾನನಿಗೆ ಹೇಳಿ ಸ್ವಲ್ಪ ಬೇಗ ಹೊರಟ. ಸ್ಟೇಷನ್ನಿಗೆ ನಡೆದೇ ಹೋಗಬಹುದಿತ್ತು. ಚಪ್ಪಲಿ ಅಂಗಡಿ, ಕೀಲಿ ಮಾಡುವವನ ಗೂಡು, ಅರ್ಧ ಬಾಗಿಲೆಳೆದ ಬ್ಯಾಂಕು. ನಡೆಯುತ್ತ ನಡೆಯುತ್ತ ಒಂದೊಂದಕ್ಕೂ ಹೇಳಬೇಕಾದ ಮಾತನ್ನು ತುಟಿಯಲ್ಲೇ ಕಟ್ಟಿಕೊಂಡ. ಮೊದಲನೆಯ ‘ಲಿಫ್ಟ್ ಕೆಟ್ಟಿದೆ’ಯ ಬಗ್ಗೆ ಹೇಳುವುದು ಸುಲಭ, ಅದನ್ನು ಎಲ್ಲರೂ ಹೇಳಿ ಇಟ್ಟಿದ್ದಾರೆ: ಬೆಂಕಿ, ಹುರುಪು, ಎರಡು ಬಾಯಿ ಒಂದೇ ಮೈಕು. ಮಾಡುವಾಗ ಅವನು ಅಲ್ಲೇ ಇದ್ದ. ಬಾಡಿಗೆಗೆ ಹೋಗದೆ ಉಳಿದ ಮೂರನೇ ಮಹಡಿಯ ಕೋಣೆ. ಸದ್ದು ಹೊರಗೆ ಹೋಗದಂತೆ ಗೋಡೆಗೆ ಹೊಡೆದ ಹಾಸಿಗೆಗಳು. ಹತ್ತೊಂಬತ್ತರ ಅಣ್ಣ ತಾಳದ ಯಂತ್ರದ ಗುಂಡಿಗಳ ಮೇಲೆ ಬೆರಳು ಕುಣಿಸಿ, ನಿಲ್ಲಿಸಿ, ಉಳಿದಿಬ್ಬರನ್ನು ಬಿಟ್ಟು ಇವನ ಕಡೆಗೇ ತಿರುಗುತ್ತಿದ್ದ. ಹೆಂಗಿದೆ ಹೇಳು. ಅಣ್ಣನಿಗಿಂತ ಎರಡೇ ವರ್ಷ ಚಿಕ್ಕವನು ಇವನು. ಆ ಕಣ್ಣುಗಳನ್ನು ನೋಡಿ ಚೆನ್ನಾಗಿದೆ ಎನ್ನದೆ ಇರಲು ಆಗುತ್ತಿರಲಿಲ್ಲ. ಚೆನ್ನಾಗಿತ್ತು ಕೂಡ. ಆದರೆ ಚೆನ್ನಾಗಿದ್ದುದರಿಂದ ಹಾಗೆ ಹೇಳಿದನೋ, ಆ ಕಣ್ಣಿಗೋಸ್ಕರ ಹೇಳಿದನೋ, ಇವತ್ತಿಗೂ ಅವನಿಗೆ ಬಿಡಿಸಲಾಗದ ಗಂಟು ಅದು. ಎರಡನೆಯದು ‘ಬಾಗಿಲು ತಟ್ಟಬೇಡಿ’. ಹೊಸ ಯಂತ್ರ, ಹೊಸ ಬೂಟು, ನಮ್ಮಂಥವರು ಯಾರಿದ್ದಾರೆ ಎಂಬ ಒಂದೇ ಮಾತು ಆಲ್ಬಮ್ಮಿನ ಉದ್ದಕ್ಕೂ. ಮೂರನೆಯದು ‘ತಾರಸಿ’. ನೀರಿನ ತೊಟ್ಟಿ ತುಂಬುವ ಸದ್ದು, ಒಣಹಾಕಿದ ಬೆಡ್‌ಶೀಟ್ ಗಾಳಿಗೆ ಪಟಪಟ ಹೊಡೆದುಕೊಳ್ಳುವುದು, ಇವುಗಳಿಂದಲೇ ಅಣ್ಣ ತಾಳ ಕಟ್ಟಿದ್ದ. ಕೊಂಡವರು ಕಡಿಮೆ. ತಂಡದೊಳಗೆ ಮುನಿಸು ಹುಟ್ಟಿದ್ದೂ ಅದರ ಮೇಲೆಯೇ. ಗೊಗ್ಗ ಒಂದು ಮಧ್ಯಾಹ್ನ ಮನೆಗೆ ಬಂದು, ಅಮ್ಮ ಕೊಟ್ಟ ನೀರನ್ನು ಪೂರ್ತಿ ಕುಡಿದು, ಲೋಟವನ್ನು ಬಹಳ ಜಾಗ್ರತೆಯಿಂದ ನೆಲದ ಮೇಲಿಟ್ಟು, “ಮುಂದಿನದ್ದು ನಾವಿಬ್ಬರೇ ಮಾಡ್ತೀವಿ ಕಣೋ” ಅಂದಿದ್ದ. ಅಣ್ಣ ಸರಿ ಅಂದ. ಅಮ್ಮ ಮಾತ್ರ ಆ ಲೋಟವನ್ನು ತೊಳೆದಳು, ಮತ್ತೆ ತೊಳೆದಳು, ಉಜ್ಜಿದ್ದೇ ಉಜ್ಜಿದಳು. ನಾಲ್ಕನೆಯದು ‘ಹೊಸ ವಿಳಾಸ’. ದುಡ್ಡು ಕೊಟ್ಟು ತರಿಸಿದ ತಾಳ, ದೊಡ್ಡ ಹೋಟೆಲಿನ ಲಾಬಿಯ ಹಾಗೆ ನುಣುಪು, ತಣ್ಣಗೆ. ಅದು ನೆಲಕಚ್ಚಿದಾಗ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹಿಗ್ಗಲಿಲ್ಲ, ಆದರೆ ಅವತ್ತು ರಾತ್ರಿ ಎಲ್ಲರೂ ಒಂದು ತುತ್ತು ಹೆಚ್ಚಾಗಿ ಉಂಡರು.

ಐದನೆಯದರ ಹೆಸರು ‘ಇಬ್ಬರಿಗಾಗುವಷ್ಟು’. ಹೆಸರು ಕೇಳಿದ ದಿನವೇ ಅಣ್ಣನ ಮುಂದೆ ಅದರ ಸುದ್ದಿ ಎತ್ತಬಾರದೆಂದು ಮನೆಯಲ್ಲಿ ಯಾರೂ ಹೇಳದೆಯೇ ಎಲ್ಲರಿಗೂ ಗೊತ್ತಾಗಿಹೋಗಿತ್ತು. ಅವನು ಅದನ್ನು ಕೊಂಡದ್ದು ಕುತೂಹಲಕ್ಕೆ, ಒಳ್ಳೆಯದಾಗಿರದೆ ಇರಲಿ ಎಂಬ ಆಸೆಯಿಂದ. ಲ್ಯಾಬಿನಲ್ಲಿ, ಅರೆಯುವ ಯಂತ್ರಗಳ ಕಿರ್ರೆನ್ನುವ ಸದ್ದಿನ ಮಧ್ಯೆ, ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಕೇಳಿದ. ಯಾರದೋ ಅಡುಗೆಮನೆಯಲ್ಲಿ ಕೂತು ಮಾಡಿದ್ದು. ಗೊಗ್ಗ ಉಸಿರೆಳೆದುಕೊಳ್ಳುವುದೂ, ಉದ್ದ ಕುರ್ಚಿ ಸರಿಸುವುದೂ ಕೇಳಿಸುತ್ತಿತ್ತು. ಹಾಡಿನ ನಡುನಡುವೆ, ಸಾಲು ಮುಗಿದು ಅಣ್ಣನ ತಾಳ ಬಂದು ಬೀಳಬೇಕಾದ ಜಾಗದಲ್ಲಿ, ಅವರು ಏನನ್ನೂ ಇಟ್ಟಿರಲಿಲ್ಲ. ಅಲ್ಲಿ ಸುಮ್ಮನೆ ಕಾಯುತ್ತಿದ್ದರು. ಕಾದು, ಆಮೇಲೆ ಮುಂದಿನ ಸಾಲು. ಅವನು ಕೈಯಲ್ಲಿದ್ದ ಕೆಲಸ ಕೆಳಗಿಟ್ಟ. ಮೂವರಿದ್ದಾಗ ಹೇಳಲಾಗದ್ದನ್ನು ಇಬ್ಬರೇ ಆದಾಗ ಹೇಳಿಬಿಟ್ಟಿದ್ದರು. ಅಣ್ಣ ಇಲ್ಲದ್ದರಿಂದಲೇ ಅದು ಅಷ್ಟು ಚೆನ್ನಾಗಿದೆ ಎಂಬ ಯೋಚನೆ ಬಂದೊಡನೆ ಕಿವಿಯಿಂದ ಕಿತ್ತು ಡ್ರಾಯರಿಗೆ ಹಾಕಿದ. ಮರುದಿನ ಮತ್ತೆ ತೆಗೆದ. ಹೆಂಡತಿಗೂ ಹೇಳಿರಲಿಲ್ಲ, ಆದರೆ ಭಾನುವಾರ ಮನೆ ಗುಡಿಸುವಾಗ ಹಾಕಿಕೊಳ್ಳುತ್ತಿದ್ದ, ಸಣ್ಣ ಸದ್ದಿನಲ್ಲಿ, ಕಳ್ಳ ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಹಾಗೆ.

ಸ್ಟೇಷನ್ನಿನ ಬಾಗಿಲಲ್ಲಿ ಕೂತಿದ್ದ ಹುಡುಗಿ ಅವನನ್ನು ನೋಡಿ ಎದ್ದೇ ನಿಂತಳು. “ಸರ್, ನಿಮ್ಮ ತಾಳ ಅಂದ್ರೆ ನಮ್ಮ ಮನೇಲಿ ಎಲ್ಲರಿಗೂ ಪ್ರಾಣ!” ತಾನು ಅವರಲ್ಲ, ಅವರ ತಮ್ಮ ಎಂದು ಹೇಳಿದಾಗ ಅವಳ ಮುಖ ದೀಪ ಆರಿದಂತೆ ಆರಿತು. “ಓ,” ಅಂದು ಕುರ್ಚಿ ತೋರಿಸಿದಳು. ಆ ಕುರ್ಚಿಯಲ್ಲಿ ಕೂತು ತನ್ನ ಕೈಗಳನ್ನು ನೋಡಿಕೊಂಡ. ಉಗುರಿನ ಸಂದಿನಲ್ಲಿ ಬಿಳಿ ಪುಡಿ. ಎಲ್ಲ ಕಡೆಯೂ ತಮ್ಮನಾಗಿಯೇ ಕರೆಸಿಕೊಂಡಿದ್ದೇನೆ ಅನ್ನಿಸಿತು; ಇವತ್ತಾದರೂ ಒಂದು ಮಾತು, ನನ್ನದೇ ಆದದ್ದು, ಹೇಳಿಬಿಟ್ಟರೆ ಏನಾಗುತ್ತದೆ? ಹೇಳುತ್ತೇನೆ ಎಂದುಕೊಂಡ. ಐದನೆಯದೇ ಮೊದಲು. ಕಾರಣವನ್ನೂ ಹೇಳುತ್ತೇನೆ. ಈ ನಿರ್ಧಾರದಿಂದ ಅವನಿಗೆ ಎಷ್ಟು ಹಗುರವಾಯಿತೆಂದರೆ, ಒಳಗೆ ಕರೆದಾಗ ಎದ್ದು ನಡೆದ ರೀತಿ ಅವನಿಗೇ ಹೊಸದಾಗಿತ್ತು.

ಗಾಜಿನ ಕೋಣೆ ಚಿಕ್ಕದು. ನಿರೂಪಕಿ ಎದುರಿಗೆ, ಗಾಜಿನ ಆಚೆ ಆಕಳಿಸುತ್ತ ಕೂತ ತಂತ್ರಜ್ಞ. ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ ತನ್ನ ಉಸಿರೇ ತನಗೆ ಕೇಳಿಸುತ್ತಿತ್ತು. ಕೆಂಪು ದೀಪ ಹತ್ತಿತು. “ಸರಿ, ನೇರ ವಿಷಯಕ್ಕೇ ಬರೋಣ. ಮೂರನೇ ಮಹಡಿಯ ಐದರಲ್ಲಿ ನಂಬರ್ ಒನ್ ಯಾವುದು?” ಬಾಯಿ ತೆರೆದ. ಆ ಒಂದು ಕ್ಷಣದಲ್ಲಿ ಅಮ್ಮನ ಅಡುಗೆಮನೆ ಕಂಡಿತು. ಕಿಟಕಿಯ ಮೇಲಿನ ರೇಡಿಯೋ, ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸಿರುತ್ತಾಳೆ. ಕಾರಿನಲ್ಲಿ ಅಣ್ಣ, ಸದ್ದು ಜಾಸ್ತಿ ಮಾಡಲು ಚಾಚಿದ ಅವನ ಬೆರಳು. “ಅದರಲ್ಲಿ ಎರಡು ಮಾತೇ ಇಲ್ಲ,” ಎಂದು ತನ್ನ ದನಿ ಹೇಳುವುದನ್ನು ಅವನು ಕೇಳಿದ. “ಲಿಫ್ಟ್ ಕೆಟ್ಟಿದೆ.” ಆಮೇಲೆ ಎಲ್ಲ ಇಳಿಜಾರಿನಲ್ಲಿ ಬಿಟ್ಟ ಗಾಡಿ. ತಾರಸಿ, ಬಾಗಿಲು ತಟ್ಟಬೇಡಿ, ಹೊಸ ವಿಳಾಸ. “ಹಾಗಾದ್ರೆ ಕಡೆಗೆ ಉಳಿದಿದ್ದು?” ಎಂದಳು ನಿರೂಪಕಿ. “ಇಬ್ಬರಿಗಾಗುವಷ್ಟು,” ಎಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಸುಳ್ಳಿಗೆ ಒಂದು ಹೊದಿಕೆ ಬೇಕಾಗಿತ್ತು. “ನೋಡಿ, ನಾನು ಹಲ್ಲು ಮಾಡೋನು. ತಾಳ ಇಲ್ಲದ ಹಾಡು ನನಗೆ ಹಲ್ಲಿಲ್ಲದ ಬಾಯಿ ಇದ್ದ ಹಾಗೆ. ಮಾತು ಬರುತ್ತೆ, ಆದ್ರೆ ಬರೀ ಗಾಳಿ.” ನಿರೂಪಕಿ ಮೇಜು ಬಡಿದು ನಕ್ಕಳು. ಗಾಜಿನ ಆಚೆಯವನೂ ಆಕಳಿಕೆ ಬಿಟ್ಟು ನಕ್ಕ. ಜೀವನದಲ್ಲಿ ಅವನು ಆಡಿದ ಅತ್ಯಂತ ಚುರುಕಾದ ಮಾತು ಅದೇ ಇರಬೇಕು.

ಆಗ ಒಂದು ಕರೆ ಬಂತು. ವಯಸ್ಸಾದ ಹೆಂಗಸಿನ ದನಿ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ, ಈಗ ಇಲ್ಲ, ಎಂದರು. “ಅಲ್ಲಪ್ಪಾ, ನೀವು ಆ ಕಡೇದನ್ನ ಪೂರ್ತಿ ಕೇಳಿದೀರಾ? ನಮ್ಮನೆಯವರು ತೀರಿಕೊಂಡ ವರ್ಷ ನನ್ನ ಮೊಮ್ಮಗಳು ಅದನ್ನ ಹಾಕಿದ್ಲು. ನನಗೆ ಈ ಥರದ ಹಾಡು ತಲೆಬುಡ ಗೊತ್ತಿಲ್ಲ. ಆದ್ರೆ ಅವರಿಬ್ಬರೂ ಮಧ್ಯೆ ಮಧ್ಯೆ ಸುಮ್ಮನಾಗ್ತಾರಲ್ಲ, ಮೇಜಿನ ಹತ್ರ ಇನ್ನೊಂದು ಕುರ್ಚಿ ಇದೆ ಅನ್ನೋ ಥರ. ಅಲ್ಲೇ ನನಗೆ ಅಳು ಬಂದಿದ್ದು. ಅದನ್ನ ಗಾಳಿ ಅಂತೀರಲ್ಲ.” ತಾಯೀ, ನಿಮ್ಮ ಮಾತೇ ಸರಿ ಎಂದು ಅವನು ಹೇಳಿದ್ದರೆ ಸಾಕಾಗಿತ್ತು. “ಅವರವರ ಅಭಿರುಚಿ ಅಮ್ಮಾ,” ಎಂದ. “ಒಬ್ಬೊಬ್ಬರಿಗೆ ಒಂದೊಂದು.” ಆ ಕಡೆ ಫೋನ್ ಇಟ್ಟ ಸದ್ದು ಅವನ ಕಿವಿಯೊಳಗೇ ಆಯಿತು. ನಿರೂಪಕಿ ತುಂಬ ಚೆನ್ನಾಗಿ ಮಾತಾಡಿದಿರಿ ಎಂದು ಕೈಕುಲುಕಿದಳು.

ಹೊರಗೆ ಬಂದಾಗ ಅಣ್ಣನ ಕಾರು ನಿಂತಿತ್ತು, ತಲೆಯ ಮೇಲೆ ಡ್ರೈವಿಂಗ್ ಸ್ಕೂಲಿನ ಹಳದಿ ಬೋರ್ಡು ಹೊತ್ತುಕೊಂಡು. ಪೂರ್ತಿ ಕತ್ತಲಾಗಿರಲಿಲ್ಲ. ಅಣ್ಣ ಬಾಗಿಲು ತೆರೆದ. “ಹತ್ತು. ಅಮ್ಮ ಊಟಕ್ಕೆ ಬಾ ಅಂದಿದಾಳೆ.” ಕಾರಿನ ರೇಡಿಯೋ ಆರಿಸಿತ್ತು. ಶಾಲೆಯ ಗೋಡೆ, ಪೆಟ್ರೋಲ್ ಬಂಕು, ಸೇತುವೆ ದಾಟಿದರೂ ಅಣ್ಣ ಏನೂ ಹೇಳಲಿಲ್ಲ. ಮೆಚ್ಚಿದ್ದಾನೆ, ಸಂಕೋಚಕ್ಕೆ ಸುಮ್ಮನಿದ್ದಾನೆ ಎಂದು ಅವನು ಅಂದುಕೊಳ್ಳಲು ನೋಡಿದ. ಅಮ್ಮನ ಕಟ್ಟಡದ ಮುಂದೆ ಕಾರು ನಿಲ್ಲಿಸಿ, ಬೀಗದ ಕೈ ತಿರುಗಿಸಿ, ಅಣ್ಣ ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತ.

“ಚೆನ್ನಾಗಿತ್ತು ಆ ಜೋಕು,” ಎಂದ.

“ಬಾಯಿಗೆ ಬಂತು, ಹೇಳಿದೆ.”

“ನಿನ್ನ ಮಗಳಿಗೆ ಕಾರು ಕಲಿಸ್ತಿದೀನಲ್ಲ. ಗೇರ್ ಬದಲಾಯಿಸೋವಾಗ ಏನೋ ಗುನುಗ್ತಾಳೆ. ಏನಮ್ಮ ಅದು ಅಂದೆ. ಗೊತ್ತಿಲ್ಲ ದೊಡ್ಡಪ್ಪ, ಅಪ್ಪ ಭಾನುವಾರ ಹಾಕ್ತಾರೆ ಅಂದ್ಲು.” ಅಣ್ಣ ತಿರುಗಿ ನೋಡಿದ. “ಇಷ್ಟು ವರ್ಷ ಭಾನುವಾರ ಭಾನುವಾರ ಹಲ್ಲಿಲ್ಲದ ಬಾಯಿ ಕೇಳ್ತಿದ್ಯಾ?”

ಅವನು ಉಗುರಿನ ಸಂದಿನ ಬಿಳಿ ಪುಡಿ ಕೆರೆದ. “ನಿನಗೆ ಬೇಜಾರಾಗುತ್ತೆ ಅಂತ,” ಎಂದ ಕೊನೆಗೆ.

“ಬೇಜಾರು ಈಗಾಗಿದೆ.” ಅಣ್ಣನ ದನಿ ಏರಲಿಲ್ಲ. “ಅದು ಬಂದ ವಾರವೇ ತಗೊಂಡೆ ನಾನು. ಕೇಳಿ, ಎರಡು ದಿನ ಯಾರ ಹತ್ರನೂ ಮಾತಾಡಲಿಲ್ಲ. ಅಷ್ಟು ಚೆನ್ನಾಗಿತ್ತು. ನಿನ್ನ ಹತ್ರ ಹೇಳಬೇಕು ಅಂತ ಎಷ್ಟು ಸಲ ಬಂದೆ ಗೊತ್ತಾ? ನೀನೇ ಬಾಯಿ ಬಿಡಲಿಲ್ಲ. ಇವನಿಗೆ ಹಿಡಿಸಲಿಲ್ಲವೇನೋ, ನಂದೇ ಕಿವಿ ಕೆಟ್ಟಿದೆಯೇನೋ ಅಂದ್ಕೊಂಡೆ.”

“ಆ ಜಾಗ ಖಾಲಿ ಬಿಟ್ಟಿದಾರಲ್ಲ ಅಣ್ಣ. ಅದು ನಿನಗೋಸ್ಕರ ಬಿಟ್ಟಿದ್ದು.”

“ಮಣ್ಣಾಂಗಟ್ಟಿ. ತಾಳ ಹಾಕೋನು ಸಿಗಲಿಲ್ಲ, ಬಿಟ್ಟರು. ಸಿಗದೇ ಇದ್ದಿದ್ದೇ ಒಳ್ಳೇದಾಯ್ತು.” ಅಣ್ಣ ನಕ್ಕ, ತಕ್ಷಣ ನಿಲ್ಲಿಸಿದ. ಮೇಲಿನಿಂದ ಅಮ್ಮ ಬಾಲ್ಕನಿಗೆ ಬಂದು ಕೈಬೀಸಿದಳು. ಇಬ್ಬರೂ ಗಾಜಿನೊಳಗಿಂದ ಕೈಯೆತ್ತಿದರು. “ನನಗೆ ಉರಿಯೋದು ಐದನೇದಕ್ಕಲ್ಲ. ಇವತ್ತು ಅಷ್ಟು ಸಲೀಸಾಗಿ ಸುಳ್ಳು ಹೇಳಿದ್ಯಲ್ಲ, ಒಂಚೂರೂ ತಡವರಿಸಲಿಲ್ಲ. ಹಾಗಾದ್ರೆ ಆ ಕೋಣೇಲಿ ಕೂತು, ಮೊದಲನೇದು ಚೆನ್ನಾಗಿದೆ ಅಂತಿದ್ಯಲ್ಲ, ಅದೂ ಇಷ್ಟೇನಾ? ನಾನು ಮಾಡಿದ್ದರಲ್ಲಿ ಯಾವುದು ಚೆನ್ನಾಗಿತ್ತು ಅಂತ ನನಗೆ ಯಾರಪ್ಪಾ ಹೇಳ್ತಾರೆ ಈಗ?”

ಅಣ್ಣನಿಗೆ ತಾನು ಮಾಡಿದ ಉಪಕಾರ ಎಂದು ಅವನು ಇಷ್ಟು ವರ್ಷ ಒಳಗೊಳಗೇ ಇಟ್ಟುಕೊಂಡಿದ್ದದ್ದು ಉಪಕಾರವೇ ಆಗಿರಲಿಲ್ಲ. ಚೆನ್ನಾಗಿದೆ ಎಂಬ ಆ ಮಾತನ್ನು ಅಣ್ಣ ನಂಬಿಕೊಂಡು ಬದುಕಿದ್ದ. ತಂಡ ಕೈಬಿಟ್ಟ ಮೇಲೆ, ಹೊಸಬರ ಪಕ್ಕದಲ್ಲಿ ಕೂತು ದಿನವಿಡೀ ಬ್ರೇಕು ತುಳಿಯುವಾಗ, ಅದೊಂದೇ ಅವನ ಕೈಯಲ್ಲಿ ಉಳಿದಿದ್ದದ್ದು. ಈಗ ಅದನ್ನೂ ಇವನು ರೇಡಿಯೋದಲ್ಲಿ, ಊರೆಲ್ಲ ಕೇಳುವಂತೆ, ಖೋಟಾ ಮಾಡಿದ್ದ.

“ಹೇಳಲಾ?” ಎಂದ. “ನಿಜವಾದ ಸಾಲು ಹೇಳಲಾ?”

“ಹೇಳು.”

“ಐದನೇದು ಮೊದಲು.”

“ಅದು ಗೊತ್ತಾಯ್ತಲ್ಲ.”

“ತಾರಸಿ ಎರಡನೇದು. ಐದನೇದಕ್ಕೂ ಅದಕ್ಕೂ ಕೂದಲೆಳೆ ಅಷ್ಟೇ. ನೀನು ಮಾಡಿದ್ದರಲ್ಲಿ ಅದೇ ದೊಡ್ಡದು. ನಾನೂ ಹೇಳಲಿಲ್ಲ ಆಗ, ಯಾರೂ ಕೊಳ್ಳಲಿಲ್ಲ ಅಂತ ನೀನು ಅಷ್ಟು ಕುಗ್ಗಿದ್ದೆ. ಅದರ ಹೆಸರೆತ್ತೋಕೇ ಭಯ ಆಗ್ತಿತ್ತು.”

ಅಣ್ಣ ತಲೆ ತಗ್ಗಿಸಿದ. “ಲಿಫ್ಟು?” ಎಂದ.

“ಮೂರನೇದು.” ಹೇಳಿಯೇಬಿಟ್ಟ. “ಬೆಂಕಿ ಇದೆ ಅದರಲ್ಲಿ, ಇಲ್ಲ ಅನ್ನಲ್ಲ. ಆದ್ರೆ ನೀನು ಗೊಗ್ಗನಿಗೆ ಉಸಿರಾಡೋಕೆ ಬಿಡ್ತಿರಲಿಲ್ಲ. ಅವನು ಸಾಲು ಮುಗಿಸೋಕೆ ಮುಂಚೇನೇ ಹೊಡೀತಿದ್ದೆ. ನಾನು ಚೆನ್ನಾಗಿದೆ ಅಂದಿದ್ದರಲ್ಲಿ ಅರ್ಧ ನಿಜ, ಅರ್ಧ ನಿನ್ನ ಮುಖ ನೋಡಿ. ಆಮೇಲೆ ಹೊಸ ವಿಳಾಸ. ಕಡೇಲಿ ಬಾಗಿಲು ತಟ್ಟಬೇಡಿ.”

“ಹೊಸ ವಿಳಾಸಕ್ಕಿಂತ ಕೆಳಗೆ? ನಾನಿದ್ದಿದ್ದು?”

“ಹೂಂ.”

ಬಾಲ್ಕನಿಯಲ್ಲಿ ಅಮ್ಮ ಇನ್ನೂ ನಿಂತೇ ಇದ್ದಳು. “ನೀನು ಹೋಗು,” ಎಂದ ಅಣ್ಣ. “ನನಗೆ ಹಸಿವಿಲ್ಲ ಅಂತ ಹೇಳು.” ಅವನು ಇಳಿದು ಬಾಗಿಲು ಮುಚ್ಚಿದ ಮೇಲೂ ಕಾರು ಹೊರಡದೆ ಅಲ್ಲೇ ಇತ್ತು, ಆಮೇಲೆ ಹೊರಟಿತು. ಮೇಲೆ ಅಮ್ಮ ಎರಡು ತಟ್ಟೆ ಹಾಕಿದ್ದಳು. ರೇಡಿಯೋದಲ್ಲಿ ನಿನ್ನ ದನಿ ಥೇಟ್ ನಿಮ್ಮಪ್ಪನ ದನಿ ಎಂದಳು. ಅಣ್ಣನೊಂದಿಗೆ ಜಗಳವಾಡಿದಿಯಾ ಎಂದೂ ಕೇಳಿದಳು. ಅವನು ಇಲ್ಲ ಎನ್ನಲು ಹೊರಟು, “ಹೌದಮ್ಮ,” ಎಂದ. ಅಮ್ಮ ಅಣ್ಣನ ತಟ್ಟೆಯನ್ನು ಎತ್ತಿ ಕಪಾಟಿನಲ್ಲಿಟ್ಟಳು.

ಆ ವಾರವೆಲ್ಲ ಅಣ್ಣನಿಂದ ಸುದ್ದಿಯಿಲ್ಲ. ಶನಿವಾರ ಕಾರು ಕಲಿಯಲು ಹೋಗಿ ಬಂದ ಮಗಳು ದೊಡ್ಡಪ್ಪ ಇವತ್ತು ಬೈಯಲೂ ಇಲ್ಲ, ನಗಲೂ ಇಲ್ಲ ಎಂದಳು. ಭಾನುವಾರ ಅವನು ಮನೆ ಗುಡಿಸಿದ, ಯಾವ ಹಾಡನ್ನೂ ಹಾಕಲಿಲ್ಲ. ಹೇಳಬಾರದಿತ್ತು ಎಂದು ಒಂದು ಗಳಿಗೆ ಅನ್ನಿಸುತ್ತಿತ್ತು. ಮರುಗಳಿಗೆ, ಎಷ್ಟೋ ವರ್ಷದಿಂದ ಬಿಗಿದಿದ್ದ ದವಡೆ ಸಡಿಲವಾದಂತೆ. ಎರಡೂ ನಿಜವಾಗಿದ್ದವು, ಒಂದು ಇನ್ನೊಂದನ್ನು ಅಳಿಸುತ್ತಿರಲಿಲ್ಲ. ಆ ನರ್ಸಮ್ಮನ ದನಿ ಮಾತ್ರ ಹಾಗೇ ಉಳಿದಿತ್ತು. ಅವರ ನಂಬರು ಸಿಗಬಹುದೇ ಎಂದು ಸ್ಟೇಷನ್ನಿಗೆ ಫೋನ್ ಮಾಡಿ ಕೇಳಿದ. ಹಾಗೆಲ್ಲ ಕೊಡೋಕಾಗಲ್ಲ ಸರ್ ಎಂದಳು ಬಾಗಿಲ ಹುಡುಗಿ.

ಮಂಗಳವಾರ ಮಧ್ಯಾಹ್ನ, ಲ್ಯಾಬಿನ ಯಂತ್ರಗಳೆಲ್ಲ ಒಟ್ಟಿಗೆ ಕಿರುಚುತ್ತಿದ್ದಾಗ, ಅವನ ಫೋನು ಮೇಜಿನ ಮೇಲೆ ಅಲುಗಾಡತೊಡಗಿತು. ಅಣ್ಣ. ಕೈ ಒರೆಸಿಕೊಂಡು ಎತ್ತಿದ. ಹೇಗಿದೀಯ, ಊಟ ಆಯ್ತಾ, ಯಾವುದೂ ಇಲ್ಲ.

“ಬಾಗಿಲು ತಟ್ಟಬೇಡಿ ಆಲ್ಬಮ್ಮನ್ನ ಮತ್ತೆ ಪೂರ್ತಿ ಕೇಳಿದೆ,” ಎಂದ ಅಣ್ಣ. “ಅದರಲ್ಲಿ ಆರನೇ ಹಾಡು, ಉದ್ದನ ಅಪ್ಪ ಗೊರಕೆ ಹೊಡೆಯೋದರ ಬಗ್ಗೆ ಇದೆಯಲ್ಲ. ಅದು ಹೊಸ ವಿಳಾಸದಲ್ಲಿರೋ ಎಲ್ಲಾ ಹಾಡಿಗೂ ಸಮ. ನೀನು ಕಡೆಗೆ ಹಾಕಿದೀಯ. ಯಾಕೆ? ಕಾರಣ ಹೇಳು.”

“ಕೆಲಸದಲ್ಲಿದೀನಿ ಅಣ್ಣ.”

“ನಾನೂ ಕೆಲಸದಲ್ಲೇ ಇದೀನಿ. ಪಕ್ಕದಲ್ಲೊಬ್ಬರು ಸಿಗ್ನಲಲ್ಲಿ ಕ್ಲಚ್ ತುಳ್ಕೊಂಡು ನಡುಗ್ತಿದಾರೆ. ಆ ಹಾಡಿಗೇನಾಗಿದೆ ಹೇಳು. ಮುಖ ನೋಡ್ಕೊಂಡು ಹೇಳೋ ಹಂಗೂ ಇಲ್ಲ ಈಗ, ಫೋನಲ್ಲಿದೀನಿ.”

ಯಜಮಾನ ಆ ಕಡೆಯಿಂದ ಹುಬ್ಬೇರಿಸಿ ನೋಡುತ್ತಿದ್ದ. ಅವನು ಅರೆಯುವ ಯಂತ್ರ ಆರಿಸಿ, ಚಿಮುಟ ಕೆಳಗಿಟ್ಟು, ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡ.

“ಕಾರು ಪಕ್ಕಕ್ಕೆ ಹಾಕಿಸು,” ಎಂದ. “ಸ್ವಲ್ಪ ಉದ್ದ ಇದೆ.”